ಮೂರು ದೆವ್ವದ ತಟ್ಟೆಗಳು, ಒಂದು ಓರೆ ತೂತು

ದೆವ್ವ-ಪಿಶಾಚಿಗಳ ಮೂರು ಹಾಡಿನ ತಟ್ಟೆಗಳ ಈ ಹೋಲಿಕೆಯಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಕೊನೆಯವರೆಗೆ ಬಚ್ಚಿಡುವ ಉದ್ದೇಶ ನನಗಿಲ್ಲ. ಲಂಡನ್ನಿನ ದಿ ಡ್ಯಾಮ್ಡ್ ತಂಡವು 1985ರಲ್ಲಿ ಹೊರತಂದ ‘ಫ್ಯಾಂಟಾಸ್ಮಗೋರಿಯಾ’ ಗೆಲ್ಲುತ್ತದೆ. ನಾನು ಕೊಂಡ ಪ್ರತಿಯಲ್ಲಿ ದೋಷವಿತ್ತು, ಅದನ್ನು ಕೇಳುವ ಸ್ಥಿತಿಗೆ ತರಲು ಮೂರು ವಾರ ಹೆಣಗಬೇಕಾಯಿತು, ಮಾರಿದವರೊಡನೆ ನಡೆದ ವಾದದಲ್ಲಿ ಸೋತವನೂ ನಾನೇ. ಇಷ್ಟಾದ ಮೇಲೂ ಕಪಾಟಿನಲ್ಲಿ ಕೈ ಮೊದಲು ಹೋಗುವುದು ಅದರ ಕಡೆಗೇ. ಅದರೆದುರು ನಾನು ಇಟ್ಟು ನೋಡಿದ್ದು ಅಮೆರಿಕದ ಎರಡು ಆಲ್ಬಮ್‌ಗಳನ್ನು: ಮಿಸ್‌ಫಿಟ್ಸ್ ತಂಡದ ‘ವಾಕ್ ಅಮಂಗ್ ಅಸ್’ (1982) ಮತ್ತು ಕ್ರ್ಯಾಂಪ್ಸ್ ತಂಡದ ‘ಸಾಂಗ್ಸ್ ದ ಲಾರ್ಡ್ ಟಾಟ್ ಅಸ್’ (1980). ಮೂರೂ ಪಂಕ್ ಎಂಬ ಒರಟು, ವೇಗದ ರಾಕ್ ಸಂಗೀತದ ಬಳ್ಳಿಯಲ್ಲೇ ಬಿಟ್ಟ ಕಾಯಿಗಳು. ಹೆಣ, ಗೋರಿ, ತಲೆಬುರುಡೆ, ರಕ್ತಪಿಶಾಚಿಗಳೇ ಮೂರರ ಬಂಡವಾಳ. ಮೂರರ ಉದ್ದೇಶವೂ ಹೆದರಿಸುವ ನೆಪದಲ್ಲಿ ಖುಷಿ ಕೊಡುವುದು.

ಫೋನಿನಲ್ಲಿ ಈ ಮೂರನ್ನೂ ವರ್ಷಗಳಿಂದ ಕೇಳುತ್ತಿದ್ದೆ. ಕಳೆದ ವರ್ಷ ಸೆಕೆಂಡ್‌ಹ್ಯಾಂಡ್ ಟರ್ನ್‌ಟೇಬಲ್ (ತಟ್ಟೆ ತಿರುಗಿಸಿ ಹಾಡಿಸುವ ಯಂತ್ರ) ಒಂದು ಮನೆಗೆ ಬಂದ ಮೇಲೆ, ಈ ಬಗೆಯ ಒಂದಾದರೂ ಆಲ್ಬಮ್ ಎಲ್‌ಪಿ, ಅಂದರೆ ಹನ್ನೆರಡು ಅಂಗುಲದ ಹಾಡಿನ ತಟ್ಟೆಯ ರೂಪದಲ್ಲಿ ಇರಲಿ ಎಂಬ ಆಸೆ ಹುಟ್ಟಿತು. ಆರು ಸಾವಿರ ರೂಪಾಯಿಯೊಳಗೆ ಒಂದನ್ನೋ ಎರಡನ್ನೋ ಕೊಳ್ಳಬೇಕೆಂದು ಹೊರಟವನು ಎರಡು ತಿಂಗಳಲ್ಲಿ ಮೂರನ್ನೂ ಕೊಂಡು 9,300 ರೂಪಾಯಿ ಕಳೆದುಕೊಂಡೆ. ಹಾಗಾಗಿ ಈ ಬರಹದಲ್ಲಿ ಸ್ವಲ್ಪ ಲೆಕ್ಕಾಚಾರದ ವಾಸನೆ ಬಂದರೆ ಓದುಗರು ಕ್ಷಮಿಸಬೇಕು.

ನನ್ನ ಅಳತೆಗೋಲು ಒಂದೇ: ಹುಸಿ ಹೆದರಿಕೆ ಫಲಿಸಬೇಕಾದರೆ ಹೆದರಿಸುವವನು ತಾನು ನಗಬಾರದು. ಚಿಕ್ಕಂದಿನಲ್ಲಿ ಅಜ್ಜನ ಊರಾದ ಕುಂದಾಪುರದ ಕಡೆ ಬಯಲಾಟ ನೋಡಲು ಹೋದಾಗ, ಬಣ್ಣದ ವೇಷ ತೆರೆಯ ಹಿಂದಿನಿಂದ ಅಬ್ಬರಿಸಿದ ಕೂಡಲೇ, ಮುಖದ ತುಂಬ ಚುಟ್ಟಿ ಇಟ್ಟ ಆ ರಕ್ಕಸ ಮಧ್ಯಾಹ್ನ ನಮ್ಮ ಜಗಲಿಯಲ್ಲೇ ಕುಳಿತು ಚಹಾ ಕುಡಿದವರೆಂದು ಗೊತ್ತಿದ್ದೂ ನಾವು ಮಕ್ಕಳು ಅಜ್ಜಿಯ ಸೆರಗು ಹಿಡಿದುಕೊಳ್ಳುತ್ತಿದ್ದೆವು. ಆ ವೇಷ ಒಂದೇ ಒಂದು ಸಲ ನಮ್ಮತ್ತ ಕಣ್ಣು ಮಿಟುಕಿಸಿದ್ದರೂ ಆ ಸುಖ ಅಲ್ಲಿಗೇ ಮುಗಿಯುತ್ತಿತ್ತು. ಈ ಮೂರು ಆಲ್ಬಮ್‌ಗಳನ್ನೂ ನಾನು ತೂಗಿದ್ದು ಆ ತಕ್ಕಡಿಯಲ್ಲಿ.

‘ಫ್ಯಾಂಟಾಸ್ಮಗೋರಿಯಾ’ ಎಂಬ ಹೆಸರಿನಲ್ಲೇ ಈ ಆಟದ ಕೀಲಿಯಿದೆ. 1790ರ ದಶಕದ ಕೊನೆಯಲ್ಲಿ ಪ್ಯಾರಿಸ್ ನಗರದಲ್ಲಿ, ರಾಬರ್ಟ್‌ಸನ್ ಎಂಬ ಹೆಸರಿನಿಂದ ಪ್ರದರ್ಶನ ನೀಡುತ್ತಿದ್ದ ಎತಿಯೆನ್-ಗ್ಯಾಸ್ಪಾರ್ ರೋಬೆರ್ ಎಂಬಾತ, ಬರಿದಾಗಿದ್ದ ಕ್ಯಾಪುಚಿನ್ ಮಠದೊಳಗೆ ಜನರನ್ನು ಕತ್ತಲಲ್ಲಿ ಕೂರಿಸಿ, ಪರದೆಯ ಹಿಂದೆ ಚಿತ್ರವನ್ನು ಪರದೆಗೆ ಎಸೆಯುವ, ಚಕ್ರ ಹಚ್ಚಿದ ಮಾಯಾದೀಪವನ್ನು ಉರುಳಿಸುತ್ತಿದ್ದ. ದೀಪ ಪರದೆಯಿಂದ ದೂರ ಸರಿದಂತೆ ದೆವ್ವದ ಆಕೃತಿ ಬೆಳೆಯುತ್ತ ಬೆಳೆಯುತ್ತ ಪ್ರೇಕ್ಷಕರ ಮೈಮೇಲೇ ಬಂದಂತೆ ಕಾಣುತ್ತಿತ್ತು. ಜೊತೆಗೆ ಗಾಜಿನ ಹಾರ್ಮೋನಿಕಾದ ನಾದ ಬೇರೆ. ಬಂದವರೆಲ್ಲ ಹೆದರುವುದಕ್ಕೆಂದೇ ಹಣ ಕೊಟ್ಟು ಒಳಗೆ ಬಂದವರು. ಆ ಪ್ರದರ್ಶನಗಳಿಗೆ ಇದ್ದ ಹೆಸರೇ ಫ್ಯಾಂಟಾಸ್ಮಗೋರಿಯಾ, ಮತ್ತು ಡ್ಯಾಮ್ಡ್ ತಂಡ ತನ್ನ ಆಲ್ಬಮ್‌ನಲ್ಲಿ ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಇದೇ ತಂಡ 1976ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ (ಬಿಡಿ ಹಾಡಿನ ತಟ್ಟೆ) ಹೊರತಂದಾಗ, ಉಳಿದ ಪಂಕ್ ಗಾಯಕರು ಹರಿದ ಅಂಗಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರೆ, ಗಾಯಕ ಡೇವ್ ವೇನಿಯನ್ ಕಪ್ಪು ಉಡುಪು ತೊಟ್ಟು, ಮುಖಕ್ಕೆ ಬಿಳಿ ಬಳಿದುಕೊಂಡು ರಕ್ತಪಿಶಾಚಿಯಂತೆ ವೇದಿಕೆ ಏರುತ್ತಿದ್ದ. ತಂಡ ಸೇರುವ ಮೊದಲು ಆತ ಗೋರಿ ತೋಡುವ ಕೆಲಸ ಮಾಡುತ್ತಿದ್ದ. ವೇನಿಯನ್ ಎಂಬ ಅಡ್ಡಹೆಸರೂ, ಡ್ರಾಕುಲಾನ ನಾಡಿನವನು ಎಂಬರ್ಥದ ಟ್ರಾನ್ಸಿಲ್ವೇನಿಯನ್ ಎಂಬ ಪದದ ಬಾಲವೇ. ಒಂಬತ್ತು ವರ್ಷಗಳ ನಂತರ, ಗಿಟಾರ್ ವಾದಕ ಕ್ಯಾಪ್ಟನ್ ಸೆನ್ಸಿಬಲ್ ತಂಡ ಬಿಟ್ಟ ಮೇಲೆ, ಆಲ್ಬಮ್ ಪೂರ್ತಿ ವೇನಿಯನ್‌ನ ಅಭಿರುಚಿಯ ಕಡೆಗೇ ವಾಲಿತು. ಹೊದಿಕೆಯ ಚಿತ್ರವನ್ನು ಬಾಬ್ ಕಾರ್ಲೋಸ್ ಕ್ಲಾರ್ಕ್ ತೆಗೆದದ್ದು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. 1833ರಲ್ಲಿ ತೆರೆದ ಆ ಸ್ಮಶಾನ ನಗರದ ಏಳು ದೊಡ್ಡ ಖಾಸಗಿ ಸ್ಮಶಾನಗಳಲ್ಲಿ ಮೊದಲನೆಯದು. ಗೋರಿಗಳ ನಡುವೆ ನಿಂತ ಹೆಣ್ಣಿನ ಆ ಚಿತ್ರವನ್ನು ಫೋನಿನ ಹೆಬ್ಬೆರಳಗಲದ ಪರದೆಯಲ್ಲಿ ನೋಡುವುದಕ್ಕೂ ಹನ್ನೆರಡು ಅಂಗುಲದ ರಟ್ಟಿನ ಮೇಲೆ ನೋಡುವುದಕ್ಕೂ ಇರುವ ವ್ಯತ್ಯಾಸವೇ ನನ್ನಿಂದ ಹಣ ಬಿಚ್ಚಿಸಿತು ಎಂದರೆ ತಪ್ಪಾಗದು.

ಹಾಡುಗಳಲ್ಲಿ ನಾನು ಮತ್ತೆ ಮತ್ತೆ ಹೋಗುವುದು ಎರಡಕ್ಕೆ. ಒಂದು ‘ಗ್ರಿಮ್ಲಿ ಫೀಂಡಿಶ್’. ಲಿಯೋ ಬ್ಯಾಕ್ಸೆಂಡೇಲ್ 1960ರ ದಶಕದಲ್ಲಿ ಮಕ್ಕಳ ಕಾಮಿಕ್ಸ್‌ಗಾಗಿ ಸೃಷ್ಟಿಸಿದ, ದುಷ್ಟತನವೇ ವೃತ್ತಿಯಾದ ಗುಂಡುಗುಂಡು ಖಳನೊಬ್ಬನ ಹೆಸರನ್ನು ಎತ್ತಿಕೊಂಡು ಕಟ್ಟಿದ ಹಾಡು ಇದು. ಮ್ಯೂಸಿಕ್ ಹಾಲ್ ಎಂಬ ಹಳೆಯ ಇಂಗ್ಲಿಷ್ ಮನರಂಜನಾ ರಂಗಮಂದಿರಗಳ ಕುಣಿತದ ಧಾಟಿಯಲ್ಲಿ ಕೀಬೋರ್ಡ್ ಓಡುತ್ತದೆ, ಹಿಂದೆ ಕೋರಸ್ ಜಾತ್ರೆಯ ಗದ್ದಲದಂತೆ ಕೂಗುತ್ತದೆ, ನಡುವೆ ವೇನಿಯನ್ ಮಾತ್ರ ತನ್ನ ತಗ್ಗು ದನಿಯನ್ನು ಒಂದಿಷ್ಟೂ ಸಡಿಲಿಸದೆ, ನ್ಯಾಯಾಲಯದಲ್ಲಿ ತೀರ್ಪು ಓದುವವನ ಗಾಂಭೀರ್ಯದಲ್ಲಿ ಆ ಕಾಮಿಕ್ಸ್ ಖಳನ ಗುಣಗಾನ ಮಾಡುತ್ತಾನೆ. ನಾನು ಮೇಲೆ ಹೇಳಿದ ಬಣ್ಣದ ವೇಷದ ಗುಟ್ಟು ಇದೇ. ಇನ್ನೊಂದು ‘ಸ್ಯಾಂಕ್ಟಮ್ ಸ್ಯಾಂಕ್ಟೋರಮ್’: ಆರು ನಿಮಿಷ ಮೀರುವ, ಆರ್ಗನ್ನಿನ ನಾದದ ಮೇಲೆ ತೇಲುವ, ಗುಡಿಯೊಳಗಿನ ಕತ್ತಲನ್ನು ನೆನಪಿಸುವ ಹಾಡು. ನನ್ನ ಕಷ್ಟ ಶುರುವಾದದ್ದು ಅದರಲ್ಲೇ.

ನಾನು ಕೊಂಡದ್ದು ಪ್ಲಾಸ್ಟಿಕ್ ಸುತ್ತು ಹರಿಯದ ಮರುಮುದ್ರಣ. ಯಾರು ಅಚ್ಚು ಹಾಕಿದರು, ಯಾರು ಮಾರಿದರು ಎಂಬುದನ್ನು ಇಲ್ಲಿ ಎತ್ತುವುದಿಲ್ಲ. ಮೊದಲ ರಾತ್ರಿ ಮೊದಲ ಬದಿಯ ಮೂರು ಹಾಡುಗಳು ಚೆನ್ನಾಗಿಯೇ ಕೇಳಿದವು. ನಾಲ್ಕನೆಯದು, ಅಂದರೆ ಆರ್ಗನ್ನಿನದು, ಬಂದಾಗ ನನಗೆ ಏನೋ ಕಸಿವಿಸಿಯಾಯಿತು, ಆದರೆ ಗೋಥಿಕ್, ಅಂದರೆ ಕತ್ತಲು-ಗೋರಿಗಳ ಗುಂಗಿನ ಸಂಗೀತವಲ್ಲವೇ, ಉದ್ದೇಶಪೂರ್ವಕವಾಗಿಯೇ ಹಾಗೆ ನಡುಗಿಸಿರಬೇಕು ಎಂದುಕೊಂಡು ಸುಮ್ಮನಾದೆ. ಪಕ್ಕದ ಕೋಣೆಯಿಂದ ಅಮ್ಮ, ಹನ್ನೊಂದು ವರ್ಷ ವೀಣೆ ಕಲಿತವರು, “ಏನೋ ಅದು, ಆ ಹಾರ್ಮೋನಿಯಂ ಶ್ರುತಿ ಯಾಕೋ ತೊಟ್ಟಿಲ ಥರ ತೂಗಾಡ್ತಾ ಇದೆಯಲ್ಲ?” ಎಂದು ಕೇಳಿದಾಗಲೇ ಅದು ದೆವ್ವದ ಕೆಲಸವಲ್ಲ, ತಟ್ಟೆಯ ದೋಷ ಎಂದು ಹೊಳೆದದ್ದು. ಫೋನಿನಲ್ಲಿ ಅದೇ ಹಾಡು ಹಾಕಿದರೆ ಆರ್ಗನ್ ಕಲ್ಲಿನಂತೆ ನಿಂತಿತ್ತು.

ದೀಪ ಹಾಕಿ ನೋಡಿದೆ. ಮುಳ್ಳನ್ನು ಹೊತ್ತ ತೋಳು, ಅಂದರೆ ಟೋನ್‌ಆರ್ಮ್, ನೇರವಾಗಿ ಒಳಮುಖವಾಗಿ ಸಾಗುವ ಬದಲು, ತಟ್ಟೆ ಒಂದೊಂದು ಸುತ್ತು ಬಂದಾಗಲೂ ಎಡಕ್ಕೂ ಬಲಕ್ಕೂ ಓಲಾಡುತ್ತಿತ್ತು. ತಟ್ಟೆಯ ಮಧ್ಯದ ತೂತು ಸುರುಳಿಗೆರೆಗಳ ನಿಜವಾದ ಕೇಂದ್ರದಲ್ಲಿ ಇರಲಿಲ್ಲ. ಅಳತೆಪಟ್ಟಿ ಹಿಡಿದು ನೋಡಿದರೆ ಓಲಾಟ ಸುಮಾರು ಎರಡು ಮಿಲಿಮೀಟರ್, ಅಂದರೆ ತೂತು ಸರಿದಿದ್ದದ್ದು ಒಂದು ಮಿಲಿಮೀಟರ್. ಒಂದು ಮಿಲಿಮೀಟರ್ ಯಾವ ಲೆಕ್ಕ ಎನ್ನಿಸಬಹುದು. ಆದರೆ ಗಣಿತ ನಿರ್ದಯಿ. ತಟ್ಟೆಯ ಹೊರ ಅಂಚಿನಲ್ಲಿ ಗೆರೆ ಕೇಂದ್ರದಿಂದ 146 ಮಿಲಿಮೀಟರ್ ದೂರದಲ್ಲಿರುವುದರಿಂದ ಒಂದು ಮಿಲಿಮೀಟರ್ ತಪ್ಪಿದರೆ ಸ್ವರ ಏರಿಳಿಯುವುದು ಶೇಕಡಾ 0.7ರಷ್ಟು ಮಾತ್ರ, ಒಳ ಅಂಚಿಗೆ ಬಂದಾಗ ಆ ದೂರ 60 ಮಿಲಿಮೀಟರಿಗೆ ಇಳಿದಿರುತ್ತದೆ, ಅದೇ ಒಂದು ಮಿಲಿಮೀಟರ್ ಅಲ್ಲಿ ಶೇಕಡಾ 1.7ರಷ್ಟು ಮೇಲಕ್ಕೂ ಅಷ್ಟೇ ಕೆಳಕ್ಕೂ ಸ್ವರವನ್ನು ಎಳೆಯುತ್ತದೆ. ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಇರುವ ಅಂತರವೇ ಶೇಕಡಾ ಆರರಷ್ಟಾದ್ದರಿಂದ, ಈ ಓಲಾಟದ ಒಟ್ಟು ಹರವು ಅರ್ಧ ಸ್ವರಸ್ಥಾನವನ್ನೇ ಮೀರಿತು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯಲ್ಲಿ ಇದು ಪ್ರತಿ 1.8 ಸೆಕೆಂಡಿಗೊಮ್ಮೆ ನಡೆಯುತ್ತದೆ, ಅಂದರೆ ಅಮ್ಮ ಹೇಳಿದ ತೊಟ್ಟಿಲು ತೂಗುವ ವೇಗದಲ್ಲೇ. ದೀರ್ಘವಾಗಿ ಹಿಡಿದ ಆರ್ಗನ್ ಸ್ವರಗಳಿರುವ ಒಂದೇ ಹಾಡು ಆ ಬದಿಯ ಕಟ್ಟಕಡೆಗೆ, ದೋಷ ಅತಿ ಹೆಚ್ಚು ಕೇಳಿಸುವ ಜಾಗದಲ್ಲೇ ಕೂತಿತ್ತು ಎಂಬುದು ನನ್ನ ಹಣೆಬರಹ.

ಮಾರಿದವರ ಬಳಿ ಹೋದೆ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, “ಗೀರಿಲ್ಲ, ಬಗ್ಗಿಲ್ಲ, ಹಾಡ್ತಾ ಇದೆ, ಇನ್ನೇನ್ ಸಾರ್ ಬೇಕು?” ಎಂದರು. ಶ್ರುತಿಯ ವಿಷಯ ಹೇಳಿದೆ. ಪಂಕ್ ಸಂಗೀತದಲ್ಲಿ ಶ್ರುತಿ ಹುಡುಕುತ್ತೀರಾ ಎಂಬಂತೆ ನಕ್ಕರು. ಅವರ ನಗೆಯಲ್ಲಿ ಒಂದಿಷ್ಟು ನ್ಯಾಯವಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ, ಆಗ ಮಾತ್ರ ಮೈ ಉರಿದಿತ್ತು. ಸುತ್ತು ಹರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಅವರಲ್ಲಿರಲಿಲ್ಲ.

ಈ ರೋಗಕ್ಕೆ ಔಷಧಿ ಇಲ್ಲದಿಲ್ಲ. 1980ರ ದಶಕದಲ್ಲಿ ನಕಾಮಿಚಿ ಕಂಪನಿಯು ತಟ್ಟೆಯ ನಿಜವಾದ ಕೇಂದ್ರವನ್ನು ತಾನೇ ಹುಡುಕಿ ಸರಿಪಡಿಸಿಕೊಳ್ಳುವ ಟರ್ನ್‌ಟೇಬಲ್ ತಯಾರಿಸಿತ್ತು; ಅದನ್ನು ಕೊಳ್ಳುವ ಶಕ್ತಿ ಇರುವವರು ಈ ಬರಹ ಓದುವ ಅಗತ್ಯವಿಲ್ಲ. ನನ್ನಂಥವರಿಗೆ ಉಳಿಯುವ ದಾರಿ ತೂತನ್ನು ದೊಡ್ಡದು ಮಾಡುವುದು. ಒಂದು ಭಾನುವಾರ ಮಧ್ಯಾಹ್ನ, ಪೆನ್ಸಿಲಿಗೆ ಸ್ಯಾಂಡ್‌ಪೇಪರ್ ಸುತ್ತಿ, ಎರಡೂ ಬದಿಗೆ ಕಾಗದ ಅಂಟಿಸಿ, ಗಾಜು ತಿಕ್ಕುವವನ ಎಚ್ಚರದಲ್ಲಿ ತೂತನ್ನು ಉಜ್ಜಿದೆ. ಕಪ್ಪು ಪುಡಿ ಉದುರಿದಾಗಲೆಲ್ಲ ದುಡ್ಡೇ ಉದುರಿದಂತಾಗುತ್ತಿತ್ತು. ಈಗ ತೂತು ಸಡಿಲವಾಗಿದೆ. ಪ್ರತಿ ಸಲ ತಟ್ಟೆ ಇಟ್ಟು, ಟೋನ್‌ಆರ್ಮಿನ ಓಲಾಟ ನೋಡುತ್ತ, ಅಂಚನ್ನು ಬೆರಳಿನಿಂದ ಕೂದಲೆಳೆಯಷ್ಟು ತಟ್ಟಿ ತಟ್ಟಿ ಸರಿ ಮಾಡಬೇಕು. ಎರಡು ಬದಿಗಳ ಅಚ್ಚುಗಳು ಬೇರೆ ಬೇರೆ ಆದ್ದರಿಂದ ಒಂದು ಬದಿಗೆ ಹೊಂದಿಸಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ, ಮಗುಚಿದಾಗ ಮತ್ತೆ ಅದೇ ಪೂಜೆ. ಒಂದು ನಿಮಿಷ ಹಿಡಿಯುತ್ತದೆ. ಆರ್ಗನ್ ಈಗ ನಿಂತಿದೆ, ಅಮ್ಮನ ತಕರಾರೂ ನಿಂತಿದೆ, ಹಾಡಿನ ಬಗ್ಗೆ ಅವರಿಗಿರುವ ಅಭಿಪ್ರಾಯವೇನೂ ಬದಲಾಗಿಲ್ಲ.

ಇನ್ನು ಮಿಸ್‌ಫಿಟ್ಸ್. ನ್ಯೂಜೆರ್ಸಿಯ ಲೋಡಿ ಎಂಬ ಊರಿನ ಈ ಹುಡುಗರ ಆಲ್ಬಮ್‌ನಲ್ಲಿ ಹದಿಮೂರು ಹಾಡುಗಳಿವೆ, ಎಲ್ಲವೂ ಸೇರಿ 25 ನಿಮಿಷ ತುಂಬುವುದಿಲ್ಲ. ಇಂಥ ತಟ್ಟೆಯ ತೂತು ಎರಡು ಮಿಲಿಮೀಟರ್ ಓರೆಯಾಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲವೇನೋ. ಸ್ವರವೊಂದು ಓಲಾಡುವಷ್ಟು ಹೊತ್ತು ನಿಂತರೆ ತಾನೆ? ಹಾಡುಗಳ ಹೆಸರುಗಳಲ್ಲಿ ಹಲವು ನೇರವಾಗಿ ಅಗ್ಗದ ಭೂತದ ಚಿತ್ರಗಳಿಂದ ಎತ್ತಿದವು. ಒಂದು ಹಾಡು 1954ರಲ್ಲಿ ಲಾಸ್ ಏಂಜಲೀಸ್ ಟೀವಿಯಲ್ಲಿ ಭಯಾನಕ ಸಿನಿಮಾಗಳನ್ನು ಪರಿಚಯಿಸುತ್ತಿದ್ದ ವ್ಯಾಂಪೈರಾ ವೇಷಧಾರಿಣಿಯ ಮೇಲೆಯೇ ಇದೆ. ಹೊದಿಕೆಯಲ್ಲಿ ಹಾರುವ ತಟ್ಟೆಗಳೂ, 1959ರ ಮಂಗಳಗ್ರಹದ ಚಿತ್ರವೊಂದರ ಇಲಿ-ಬಾವಲಿ-ಜೇಡದ ಬೆರಕೆ ಮೃಗವೂ ಇವೆ.

ವಿಷಯ ಎಷ್ಟು ಭೀಕರವೋ ರಾಗ ಅಷ್ಟೇ ಸಿಹಿ ಎಂಬುದು ಈ ಆಲ್ಬಮ್‌ನ ಚಮತ್ಕಾರ. ಗಾಯಕ ಗ್ಲೆನ್ ಡ್ಯಾನ್ಜಿಗ್ ತಲೆಬುರುಡೆಗಳನ್ನು ಗೋಡೆಗೆ ನೇತುಹಾಕುವ ಮಾತನ್ನು 1950ರ ದಶಕದ ಪ್ರೇಮಗೀತೆಯ ಕೊರಳಲ್ಲಿ ಹಾಡುತ್ತಾನೆ, ಹಿಂದಿನಿಂದ ಗೆಳೆಯರು “ವೋ ವೋ” ಎಂದು ಕೂಗುತ್ತಾರೆ. ಒಂದು ಹಾಡಿನಲ್ಲಿ ಹುಡುಗ ಕೊಲೆ ಮಾಡಲು ಹೊರಗೆ ಹೋಗಲೇ ಎಂದು ಅಮ್ಮನ ಅನುಮತಿ ಕೇಳುತ್ತಾನೆ. ಕೊನೆಯದರಲ್ಲಿ ದಿನವೂ ಮಿದುಳನ್ನೇ ತಿಂದು ಬೇಸತ್ತ ಪ್ರೇತಗಳು, ಹಾಸ್ಟೆಲಿನ ಉಪ್ಪಿಟ್ಟಿನ ವಿರುದ್ಧ ದನಿ ಎತ್ತುವ ಹುಡುಗರಂತೆ, ಬೇರೇನಾದರೂ ಬಡಿಸಿ ಎಂದು ತಟ್ಟೆ ಬಡಿಯುತ್ತವೆ. ಡ್ಯಾನ್ಜಿಗ್ ನಗುವುದಿಲ್ಲ, ಆ ವಿಷಯದಲ್ಲಿ ಆತನಿಗೂ ವೇನಿಯನ್‌ನಷ್ಟೇ ಅಂಕ.

ಬೆಂಗಳೂರಿನ ಕೇಳುಗರಿಗೆ ಈ ತಂಡ ಒಂದು ಸುತ್ತು ಬಳಸಿ ತಲುಪಿತು. 1987ರಲ್ಲಿ ಮೆಟಾಲಿಕಾ ತಂಡ ಮಿಸ್‌ಫಿಟ್ಸ್‌ನ ಎರಡು ಹಾಡುಗಳನ್ನು ತನ್ನ ಧಾಟಿಯಲ್ಲಿ ಹಾಡಿ ದಾಖಲಿಸಿತ್ತು, ನಾನು ಮೂಲ ತಂಡದ ಹೆಸರು ಮೊದಲು ಓದಿದ್ದು ಆ ಕ್ಯಾಸೆಟ್ಟಿನ ಕಾಗದದಲ್ಲಿ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ಹಾಡಿದ ದಿನ, ಮಿಸ್‌ಫಿಟ್ಸ್‌ನ ಬುರುಡೆ ಚಿತ್ರದ ಅಂಗಿಗಳನ್ನು ಕೆಸರಿನ ನಡುವೆ ಅಲ್ಲಲ್ಲಿ ಕಂಡೆ. ಆ ಬುರುಡೆ 1946ರ ಧಾರಾವಾಹಿ ಚಿತ್ರವೊಂದರ ಖಳನದು.

ಹಾಗಾದರೆ ಮಿಸ್‌ಫಿಟ್ಸ್ ಏಕೆ ಗೆಲ್ಲಲಿಲ್ಲ? ನನ್ನ ಅಭ್ಯಾಸದ ದೆಸೆಯಿಂದ. ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯುವಾಗ ನಾನು ತಟ್ಟೆ ಹಾಕುವುದು. ಹನ್ನೆರಡು ನಿಮಿಷಕ್ಕೊಮ್ಮೆ ಸೋಪಿನ ಕೈ ಒರೆಸಿಕೊಂಡು ಓಡಿ ಬಂದು ಬದಿ ಮಗುಚುವುದು ನನ್ನಿಂದಾಗದು. ಡ್ಯಾಮ್ಡ್‌ನ ಒಂದೊಂದು ಬದಿ ಸುಮಾರು ಇಪ್ಪತ್ತು ನಿಮಿಷ, ಅಷ್ಟರಲ್ಲಿ ಕುಕ್ಕರೂ ಬಾಣಲೆಯೂ ಮುಗಿದಿರುತ್ತವೆ. ಅಲ್ಲದೆ, ತಟ್ಟೆಗೆ ಕೊಟ್ಟ ಹಣವನ್ನು ನಿಮಿಷಗಳಿಂದ ಭಾಗಿಸುವ ಕೆಟ್ಟ ಬುದ್ಧಿ ನನಗಿದೆ, ಆ ಭಾಗಾಕಾರದಲ್ಲಿ ಮಿಸ್‌ಫಿಟ್ಸ್ ಬಲು ದುಬಾರಿ. ಸಂಜೆ ನಡೆಯಲು ಹೊರಟಾಗ ಕಿವಿಗೆ ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆಯದು ಮೂರರಲ್ಲಿಲ್ಲ, ಆದರೆ ಅದಕ್ಕೆ ಫೋನೇ ಸಾಕು.

ಕ್ರ್ಯಾಂಪ್ಸ್ ಬಗ್ಗೆ ನ್ಯಾಯವಾಗಿ ಬರೆಯುವುದು ನನಗೆ ಕಷ್ಟ, ಏಕೆಂದರೆ ಗೌರವವಿದೆ, ಪ್ರೀತಿ ಹುಟ್ಟಲಿಲ್ಲ. ಗಾಯಕ ಲಕ್ಸ್ ಇಂಟೀರಿಯರ್ ಮತ್ತು ಗಿಟಾರ್ ವಾದಕಿ ಪಾಯ್ಸನ್ ಐವಿ ದಂಪತಿಯ ಈ ತಂಡ ತನ್ನ ಮೊದಲ ಆಲ್ಬಮ್ಮನ್ನು ಮೆಂಫಿಸ್ ನಗರದಲ್ಲಿ, ಸ್ಯಾಮ್ ಫಿಲಿಪ್ಸ್‌ನ ಸ್ಟುಡಿಯೊದಲ್ಲಿ, ಅಲೆಕ್ಸ್ ಚಿಲ್ಟನ್‌ನ ಮೇಲ್ವಿಚಾರಣೆಯಲ್ಲಿ ಧ್ವನಿಮುದ್ರಿಸಿತು. ತಗ್ಗು ಸ್ವರ ನುಡಿಸುವ ಬಾಸ್ ಗಿಟಾರ್ ಇಲ್ಲವೇ ಇಲ್ಲ. ಎರಡು ಗಿಟಾರ್, ಒಂದು ಡ್ರಮ್, ಒಂದು ಕೊರಳು. ರಾಕ್ ಮತ್ತು ಹಳ್ಳಿಯ ಹಾಡು ಬೆರೆತ ಹಳೆಯ ರಾಕಬಿಲ್ಲಿ ಹಾಡುಗಳನ್ನು ಗೋರಿಯಿಂದ ಎಬ್ಬಿಸಿ ತಂದು ಕುಣಿಸಿದಂತಿದೆ ಇಡೀ ಸಂಗೀತ. ಇಷ್ಟು ಧೈರ್ಯದ ಧ್ವನಿ ಉಳಿದೆರಡರಲ್ಲೂ ಇಲ್ಲ.

ಆದರೆ ಲಕ್ಸ್ ಕಣ್ಣು ಮಿಟುಕಿಸುತ್ತಾನೆ. ಬಿಕ್ಕುತ್ತಾನೆ, ತೊದಲುತ್ತಾನೆ, ಊಳಿಡುತ್ತಾನೆ, ಪ್ರೇಯಸಿಯ ರುಂಡವನ್ನು ಟೀವಿಯೊಳಗೆ ಇಡುವ ಸಾಲು ಹಾಡುವಾಗಲೂ “ಹೇಗಿದೆ ನನ್ನ ವೇಷ?” ಎಂದು ಕೇಳುತ್ತಿರುವಂತೆ ತೋರುತ್ತದೆ. ಆತನಿಗೆ ನನ್ನನ್ನು ಹೆದರಿಸುವ ಆಸೆಗಿಂತ ತಾನು ಹುಚ್ಚನಾಗುವ ಆಸೆ ದೊಡ್ಡದು. ಎದುರಿಗೆ ವೇದಿಕೆಯ ಮೇಲೆ ನೋಡಿದವರಿಗೆ ಅದು ಬೇರೆಯೇ ಅನುಭವವಾಗಿದ್ದಿರಬೇಕು. ಲಕ್ಸ್ 2009ರಲ್ಲಿ ತೀರಿಕೊಂಡದ್ದರಿಂದ ನನಗೆ ಆ ಯೋಗವಿಲ್ಲ. ರಾತ್ರಿ ಹತ್ತರ ನಂತರ ದನಿ ತಗ್ಗಿಸಿ ಕೇಳುವ ನನ್ನ ಪಾಲಿಗೆ ಬಾಸ್ ಇಲ್ಲದ ಆ ಗಿಟಾರ್‌ಗಳು ಸೊಳ್ಳೆಪರದೆಯ ಒಳಗೆ ಸಿಕ್ಕ ಸೊಳ್ಳೆಯಾಗುತ್ತವೆ. ಕೆಳಮನೆಯವರಿಗೆ ಮಾತ್ರ ಮೂರರಲ್ಲಿ ಇದೇ ಅಚ್ಚುಮೆಚ್ಚು, ಅವರ ಛಾವಣಿ ಅದುರುವುದಿಲ್ಲ.

‘ಫ್ಯಾಂಟಾಸ್ಮಗೋರಿಯಾ’ದಲ್ಲೂ ಕುಂದುಗಳಿಲ್ಲವೆಂದಲ್ಲ. ಡ್ರಮ್ಮಿನ ಸದ್ದು 1985ರದ್ದೆಂದು ಕಣ್ಣು ಮುಚ್ಚಿ ಹೇಳಬಹುದು, ಅಷ್ಟು ದೊಡ್ಡ ಕೋಣೆಯಲ್ಲಿ ಬಾರಿಸಿದ ಪ್ರತಿಧ್ವನಿ. ಕೊನೆಯ ‘ಟ್ರೋಜನ್ಸ್’ ಹಾಡುಗಾರಿಕೆಯಿಲ್ಲದ ತುಣುಕು. ಅದು ಅಲ್ಲಿ ಏಕಿದೆ ಎಂದು ನನಗೆ ಇನ್ನೂ ತಿಳಿದಿಲ್ಲ. 1976ರ ಡ್ಯಾಮ್ಡ್‌ನ ವೇಗ ಪ್ರೀತಿಸಿದವರು ಇದನ್ನು ಪಂಕ್ ಎಂದೇ ಒಪ್ಪದಿರಬಹುದು, ಅವರೊಡನೆ ನಾನು ಜಗಳಕ್ಕೆ ಇಳಿಯುವುದಿಲ್ಲ.

ಕೊಳ್ಳುವವರಿಗೆ ನನ್ನ ಲೆಕ್ಕ ಹೀಗಿದೆ. ಒಂದೇ ಎಲ್‌ಪಿಗೆ ಹಣವಿದ್ದರೆ ಡ್ಯಾಮ್ಡ್, ಆದರೆ ಅಂಗಡಿಯಲ್ಲೇ ಸುತ್ತು ಬಿಚ್ಚಿಸಿ, ಅಲ್ಲಿಯ ಯಂತ್ರದ ಮೇಲೆ ಇಡಿಸಿ, ಮೊದಲ ಬದಿಯ ಕೊನೆಯ ಹಾಡಿನ ಮೇಲೆ ಮುಳ್ಳು ಇಳಿಸಿ ಟೋನ್‌ಆರ್ಮನ್ನು ಹತ್ತು ಸೆಕೆಂಡು ನೋಡಿದ ಮೇಲೆಯೇ ಹಣ ಕೊಡಿ. ಅದಕ್ಕೆ ಒಪ್ಪದ ಅಂಗಡಿಯಾದರೆ ಸಿಡಿ ಕೊಳ್ಳಿ. ಹೊದಿಕೆ ಚಿಕ್ಕದಾಗುತ್ತದೆ, ಆರ್ಗನ್ ಅಲುಗದು. ಮಿಸ್‌ಫಿಟ್ಸ್ ಫೋನಿನಲ್ಲೇ ಇರಲಿ. ನನ್ನ ಕ್ರ್ಯಾಂಪ್ಸ್ ತಟ್ಟೆಯನ್ನು ಅಣ್ಣನ ಮಗ ದೀಪಾವಳಿಗೆ ಬಂದಾಗ ಕೇಳಿ ಕೊಡುತ್ತೇನೆಂದು ಒಯ್ದ. ನಾಲ್ಕು ತಿಂಗಳಾಯಿತು, ನಾನಿನ್ನೂ ವಾಪಸು ಕೇಳಿಲ್ಲ.